ನೋಸ್ಲರ್, ಲಪುಅ, ಬ್ರೆನ್ನೆಕೆ: ಬೇಟೆಯ ಗುಂಡುಗಳ ಹೆಸರನ್ನು ಬಾಯಲ್ಲಿ ಹೇಗೆ ಹೇಳುವುದು?

ಕೇಳಿದವರು: ಧ್ವನಿ ಕಲಾವಿದೆ

ಬೇಟೆಯ ಅನುಭವ ಕಥನವೊಂದರ ಕನ್ನಡ ಅನುವಾದವನ್ನು ಧ್ವನಿಪುಸ್ತಕಕ್ಕಾಗಿ ಓದುತ್ತಿದ್ದೇನೆ. ಕಾಡು, ಹೆಜ್ಜೆಗುರುತು, ಗಾಳಿಯ ದಿಕ್ಕು ಎಲ್ಲವೂ ನಾಲಿಗೆಗೆ ಸಲೀಸು. ಗುಂಡುಗಳ ಹೆಸರು ಬಂದರೆ ಮಾತ್ರ ತಡವರಿಸುತ್ತೇನೆ. ಅನುವಾದಕರು ಆ ಹೆಸರುಗಳನ್ನೆಲ್ಲ ರೋಮನ್ ಲಿಪಿಯಲ್ಲೇ ಬಿಟ್ಟಿದ್ದಾರೆ. ಒಂದು ವೀಡಿಯೊದಲ್ಲಿ ‘ಲಪೂವಾ’ ಎನ್ನುತ್ತಾರೆ, ಇನ್ನೊಂದರಲ್ಲಿ ‘ಲಾಪುವ’. ‘ನಾಸ್ಲರ್’ ಸರಿಯೋ ‘ನೋಸ್ಲರ್’ ಸರಿಯೋ ತಿಳಿಯದು. ಮೂಲ ಭಾಷೆಯವರಂತೆ ಹೇಳಲೇ, ಅಮೆರಿಕದವರಂತೆ ಹೇಳಲೇ, ಕನ್ನಡದ ಬಾಯಿಗೆ ಒಗ್ಗಿದಂತೆ ಹೇಳಿ ಮುಂದೆ ಹೋಗಲೇ? ಬಲ್ಲವರು ದಯವಿಟ್ಟು ತಿಳಿಸಿ.

ಗುರಿ ಸ್ಪರ್ಧೆಗಳಲ್ಲಿ ಭಾಗವಹಿಸುವವರು

ಮೇಡಂ, ಮೊದಲು ಅಮೆರಿಕದ ಹೆಸರುಗಳನ್ನು ಮುಗಿಸಿಬಿಡೋಣ. ಅವು ಹೆಚ್ಚಾಗಿ ಮನುಷ್ಯರ ಕುಲನಾಮಗಳು. ಆ ಮನೆತನದವರು ಹೇಗೆ ಹೇಳಿಕೊಳ್ಳುತ್ತಾರೋ ಅದೇ ಸರಿ, ಅಲ್ಲಿ ವಾದಕ್ಕೆ ಎಡೆಯಿಲ್ಲ.

‘ನೋಸ್ಲರ್’ ಎನ್ನಿ. ಇಂಗ್ಲಿಷಿನಲ್ಲಿ ಮೂಗಿಗೆ ಏನೆನ್ನುತ್ತಾರೋ ಅದನ್ನು ಹೇಳಿ ಮುಂದೆ ‘ಲರ್’ ಸೇರಿಸಿದರಾಯಿತು. 1940ರ ದಶಕದಲ್ಲಿ ಜಾನ್ ನೋಸ್ಲರ್ ಹಾರಿಸಿದ ಗುಂಡು ಮೂಸ್ ಎಂಬ ದೈತ್ಯ ಜಿಂಕೆಯ ದಪ್ಪ ಚರ್ಮಕ್ಕೆ ತಾಗಿ ಒಡೆದುಹೋಯಿತು. ಅದರಿಂದ ಬೇಸತ್ತ ಅವರು ಗುಂಡಿನ ನಡುವೆ ತಾಮ್ರದ ಅಡ್ಡಗೋಡೆಯಿಟ್ಟು ಹೊಸತೊಂದನ್ನು ಮಾಡಿದರು. ಅದೇ ‘ಪಾರ್ಟಿಶನ್’. ಇದು ಸಾದಾ ಇಂಗ್ಲಿಷ್ ಪದ, ತಲೆ ಕೆಡಿಸಿಕೊಳ್ಳಬೇಡಿ.

‘ಹಾರ್ನಡಿ’ ಎಂಬುದರಲ್ಲಿ ಒತ್ತು ಮೊದಲ ಅಕ್ಷರಕ್ಕೆ, ಉಳಿದೆರಡು ಹಗುರ. ‘ಹಾರ್ನೇಡಿ’ ಎಂದು ನಡುವೆ ಎಳೆಯಬೇಡಿ. 1949ರಲ್ಲಿ ಈ ಕಂಪನಿ ಕಟ್ಟಿದವರ ಹೆಸರು ಜಾಯ್ಸ್ ಹಾರ್ನಡಿ, ಅವರು ಗಂಡಸು. ನಿಮ್ಮ ಅನುವಾದದಲ್ಲಿ ‘ಆಕೆ’ ಎಂದೇನಾದರೂ ಇದ್ದರೆ ಈಗಲೇ ತಿದ್ದಿಸಿ. ‘ಬರ್ಗರ್’ ಎಂದರೆ ತಿನ್ನುವ ಬರ್ಗರಿನ ಉಚ್ಚಾರವೇ, ‘ಬರ್ಜರ್’ ಅಲ್ಲ. ‘ಸ್ಪಿಯರ್’, ‘ಬಾರ್ನ್ಸ್’, ‘ಸಿಯೆರಾ’ ತೊಂದರೆ ಕೊಡುವುದಿಲ್ಲ. ಆಸ್ಟ್ರೇಲಿಯಾದ ‘ವುಡ್ಲಿ’ಯ ಕೊನೆಯಲ್ಲಿ ಮೂರು ಅಕ್ಷರ ಮೌನವಾಗಿ ಕುಳಿತಿವೆ, ಅವುಗಳನ್ನು ಎಬ್ಬಿಸುವುದು ಬೇಡ.

ಜರ್ಮನ್ ಕಲಿಸುವವರು

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ಯುರೋಪಿನ ಹೆಸರುಗಳ ವಿಷಯದಲ್ಲಿ ನನ್ನದೊಂದು ಹಟವಿದೆ: ದಯವಿಟ್ಟು ಇಂಗ್ಲಿಷಿನ ಮೂಲಕ ಸುತ್ತಿ ಬರಬೇಡಿ. ನೇರವಾಗಿ ಮೂಲದಿಂದ ಕನ್ನಡಕ್ಕೆ ಬನ್ನಿ. ಇಂಗ್ಲಿಷ್ ಬಾಯಿಗೆ ಕಷ್ಟವಾಗುವ ಎಷ್ಟೋ ಧ್ವನಿಗಳು ನಮಗೆ ಕಷ್ಟವೇ ಅಲ್ಲ.

‘ಬ್ರೆನ್ನೆಕೆ’ಯನ್ನೇ ತೆಗೆದುಕೊಳ್ಳಿ. ಕೊನೆಯ ‘ಕೆ’ ಹ್ರಸ್ವ, ಅದನ್ನು ಪೂರ್ತಿ ಉಚ್ಚರಿಸಬೇಕು. ಇಂಗ್ಲಿಷಿನವರಿಗೆ ಪದದ ಕೊನೆಯಲ್ಲಿ ಹ್ರಸ್ವ ಎಕಾರ ನಿಲ್ಲುವುದಿಲ್ಲ. ‘ಬ್ರೆನೆಕ್’ ಎಂದು ಕತ್ತರಿಸುತ್ತಾರೆ, ಇಲ್ಲವೇ ‘ಬ್ರೆನೆಕಿ’ ಎಂದು ತಿರುಚುತ್ತಾರೆ. ‘ಮನೆ’, ‘ಮಳೆ’ ಎನ್ನುವ ನಮಗೆ ಅದೇನು ಮಹಾ? ವಿಲ್‌ಹೆಲ್ಮ್ ಬ್ರೆನ್ನೆಕೆ ಗುಂಡನ್ನೂ ಮಾಡಿದರು, ಗುಂಡು, ಮದ್ದು ಎರಡನ್ನೂ ಕೊಳವೆಯಲ್ಲಿ ಕೂಡಿಸಿದ ತೋಟಾವನ್ನೂ ರೂಪಿಸಿದರು. 1917ರ 7×64 ಎಂಬ ತೋಟಾ ಅವರದೇ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಈ ಹೆಸರು ಎರಡೂ ಅರ್ಥದಲ್ಲಿ ಬಂದೀತು.

‘ಗೇಕೊ’ ಎಂಬ ಜರ್ಮನ್ ಹೆಸರನ್ನು ಹಲ್ಲಿಯ ಇಂಗ್ಲಿಷ್ ಹೆಸರಿನಂತೆ ‘ಗೆಕ್ಕೊ’ ಎನ್ನುವವರೇ ಹೆಚ್ಚು. ಅದು ಗುಸ್ಟಾವ್ ಗೆನ್‌ಶೋ ಎಂಬುವರ ಕಂಪನಿಯ ಹೆಸರನ್ನು ಮೊಟಕು ಮಾಡಿದ್ದು, ಹಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಬಂದೂಕಿನ ಹೆಸರು ‘ಬ್ಲಾಸರ್’. ತೊಡುವ ‘ಬ್ಲೇಜರ್’ ಅಲ್ಲ.

ಜರ್ಮನ್‌ನಲ್ಲಿ ಪದದ ಮೊದಲಲ್ಲಿ ಬರುವ ಸ್ಪ, ಸ್ಟ ಎರಡೂ ಶ್ಪ, ಶ್ಟ ಆಗುತ್ತವೆ. ಹಾಗಾಗಿ ಶಂಕುವಿನ ಮೊನೆಯುಳ್ಳ ಗುಂಡು ‘ಕೇಗೆಲ್‌ಶ್ಪಿಟ್ಸ್’. ಆದರೆ ಮೊನಚು ಗುಂಡಿಗೆ ಇಂಗ್ಲಿಷಿನಲ್ಲಿ ಬಳಕೆಯಾಗುವ ‘ಸ್ಪಿಟ್ಸರ್’, ಜರ್ಮನ್ ಬೇರಿನಿಂದಲೇ ಬಂದಿದ್ದರೂ ಈಗ ಇಂಗ್ಲಿಷ್ ಪದ. ಅದನ್ನು ‘ಶ್ಪಿಟ್ಸರ್’ ಮಾಡಲು ಹೋದರೆ ಅತಿ ಜಾಣತನವಾದೀತು.

ಇನ್ನೊಂದು ಮೋಜಿನ ಸಂಗತಿ. 8×57 ತೋಟಾದ ಹೆಸರಿನ ಕೊನೆಯಲ್ಲಿ ಜರ್ಮನರು ‘ಐ ಎಸ್’ ಎಂದು ಬರೆಯುತ್ತಾರೆ. ಐ ಎಂದರೆ ಇನ್‌ಫಾಂಟೆರೀ, ಅಂದರೆ ಕಾಲಾಳು ಪಡೆ. ಹಳೆಯ ಜರ್ಮನ್ ಅಚ್ಚಿನ ಲಿಪಿಯಲ್ಲಿ ದೊಡ್ಡಕ್ಷರದ ಐ ಮತ್ತು ಜೆ ಹೆಚ್ಚುಕಡಿಮೆ ಒಂದೇ ರೂಪ. ಅದನ್ನು ಕಂಡ ಇಂಗ್ಲಿಷಿನವರು ‘ಜೆ ಎಸ್’ ಎಂದು ಓದಿದರು, ಅದೇ ಹಬ್ಬಿತು. ಇಂದಿಗೂ ಅಮೆರಿಕದ ಬರಹಗಳಲ್ಲಿ ‘ಜೆ ಎಸ್’ ಕಾಣುತ್ತದೆ. ಕಥೆ ಹೇಳುವವನು ಅಮೆರಿಕದವನಾಗಿದ್ದರೆ ಅವನ ಬಾಯಲ್ಲಿ ‘ಜೆ ಎಸ್’ ಇರಲಿ, ತಿದ್ದಬೇಡಿ.

ಸ್ಪರ್ಧೆಗಳಲ್ಲಿ ವೀಕ್ಷಕ ವಿವರಣೆ ಕೊಡುವವರು

ನೇರ ಮೂಲದಿಂದ ಬನ್ನಿ ಎಂಬ ಮಾತು ಕೇಳಲು ಚೆಂದ. ಆದರೆ ಉಚ್ಚಾರ ಇರುವುದು ಎದುರಿನವರಿಗೆ ತಿಳಿಯಲಿ ಎಂದು. ಫಿನ್ಲೆಂಡಿನ ಆ ಊರನ್ನು, ಊರಿನ ಹೆಸರು ಹೊತ್ತ ಕಂಪನಿಯನ್ನು, ಅಲ್ಲಿನವರು ‘ಲಪುಅ’ ಎನ್ನುತ್ತಾರೆ. ಫಿನ್ನಿಷ್‌ನಲ್ಲಿ ಒತ್ತು ಯಾವಾಗಲೂ ಮೊದಲ ಅಕ್ಷರಕ್ಕೆ, ಮೂರೂ ಸ್ವರಗಳು ಹ್ರಸ್ವ. ಹಾಗೆ ಹೇಳಿದಾಗ ಅಮೆರಿಕದ ವೀಡಿಯೊಗಳನ್ನು ನೋಡಿ ಕಲಿತ ನಮ್ಮ ಹುಡುಗರು ಮಿಕಮಿಕ ನೋಡುತ್ತಾರೆ. ‘ಪೂ’ ಎಂದು ನಡುವೆ ಒತ್ತಿ ‘ಲಪೂವಾ’ ಎಂದರೆ ತಕ್ಷಣ ತಲೆಯಾಡಿಸುತ್ತಾರೆ. ನಾನು ಮೊದಲ ಸಲ ‘ಲಪುಅ’ ಎಂದು, ಜೊತೆಗೇ ‘.338 ಲಪುಅ ಮ್ಯಾಗ್ನಮ್’ ಎಂದು ಪೂರ್ತಿ ಹೇಳುತ್ತೇನೆ. ಸಂಖ್ಯೆ ಕಿವಿಗೆ ಬಿದ್ದ ಮೇಲೆ ಯಾರಿಗೂ ಅನುಮಾನ ಉಳಿಯುವುದಿಲ್ಲ. ಉಚ್ಚಾರ ಅಪರಿಚಿತವಾದರೆ ಅದರ ಪಕ್ಕದಲ್ಲಿ ಪರಿಚಿತವಾದದ್ದೊಂದನ್ನು ನಿಲ್ಲಿಸಿ, ಅಷ್ಟೇ.

ಅದೇ ದೇಶದ ಇನ್ನೊಂದು ಕಂಪನಿಯನ್ನು ಅಮೆರಿಕದಲ್ಲಿ ಹಲವರು ‘ಸೇಕೊ’ ಎನ್ನುತ್ತಾರೆ. ಅದು ತಪ್ಪು. ಬಲ್ಲವರು ‘ಸಾಕೊ’ ಎನ್ನುತ್ತಾರೆ, ಫಿನ್ನಿಷ್ ಬಾಯಲ್ಲಿ ಅದು ಇನ್ನೂ ಗಿಡ್ಡ, ‘ಸಕೊ’. ಧ್ವನಿಪುಸ್ತಕದಲ್ಲಿ ‘ಸಕೊ’ ಎಂದೇ ಓದಿ ಮೇಡಂ. ‘ಸಾಕೊ’ ಎಂದು ಎಳೆದರೆ ಗುಂಡು ಸಾಕೋ ಬೇಕೋ ಎಂದು ಕೇಳುತ್ತಿದ್ದೀರಿ ಎಂದುಕೊಂಡಾರು.

ಜರ್ಮನ್ ಕಲಿಸುವವರು

ಮಿಕಮಿಕ ನೋಡುವ ಹುಡುಗರಿಗಾಗಿ ಒಂದು ಊರಿನ ಹೆಸರು ಕೆಡಿಸಬೇಕೆ? ಇರಲಿ, ಸಂಖ್ಯೆಯನ್ನು ಜೊತೆಗೆ ನಿಲ್ಲಿಸುವ ಉಪಾಯ ನನಗೂ ಹಿಡಿಸಿತು.

ಕೇಳಿದವರು: ಧ್ವನಿ ಕಲಾವಿದೆ

ಎಲ್ಲರಿಗೂ ಧನ್ಯವಾದ. ಸಂಖ್ಯೆಯ ಮಾತು ಬಂದದ್ದರಿಂದ ಕೇಳುತ್ತೇನೆ. ‘.30-06’ ಎಂಬುದು ಪುಟಪುಟಕ್ಕೂ ಇದೆ. ‘ಪಾಯಿಂಟ್ ಮೂವತ್ತು ಸೊನ್ನೆ ಆರು’ ಎಂದು ಓದಿದರೆ ದೂರವಾಣಿ ಸಂಖ್ಯೆಯಂತೆ ಕೇಳುತ್ತದೆ.

ಗುರಿ ಸ್ಪರ್ಧೆಗಳಲ್ಲಿ ಭಾಗವಹಿಸುವವರು

‘ಥರ್ಟಿ ಆಟ್ ಸಿಕ್ಸ್’. ಆರಂಭದ ಚುಕ್ಕಿಯನ್ನು ಓದುವುದಿಲ್ಲ. ಮೂವತ್ತು ಎಂದರೆ ಅಂಗುಲದ ನೂರರಲ್ಲಿ ಮೂವತ್ತು ಭಾಗ, ಅದು ನಳಿಗೆಯ ಒಳ ಅಗಲದ ಅಳತೆ. ಸೊನ್ನೆ ಆರು ಎಂದರೆ 1906, ಅಮೆರಿಕದ ಸೈನ್ಯ ಅದನ್ನು ಅಂಗೀಕರಿಸಿದ ವರ್ಷ. ಸೊನ್ನೆಗೆ ಅಮೆರಿಕದವರು ‘ಆಟ್’ ಎಂದರು, ಬ್ರಿಟಿಷರು ‘ನಾಟ್’ ಎಂದರು. ಬ್ರಿಟಿಷರ .303 ನಮ್ಮ ಪತ್ರಿಕೆಗಳಲ್ಲಿ ‘ತ್ರೀ ನಾಟ್ ತ್ರೀ’ ಆಗಿಯೇ ಬೇರೂರಿದೆ. ಅದನ್ನು ಕದಲಿಸಬೇಡಿ, ಆದರೆ ಅದೇ ನಾಟನ್ನು ತಂದು ಅಮೆರಿಕದ ತೋಟಾಕ್ಕೆ ಅಂಟಿಸಲೂ ಬೇಡಿ. ಜರ್ಮನರು ಅದನ್ನು ತಮ್ಮ ಭಾಷೆಯಲ್ಲೇ ‘ಡ್ರೈಸಿಶ್ ನುಲ್ ಸೆಕ್ಸ್’ ಎಂದು ಎಣಿಸುತ್ತಾರೆ. ಅವರಿಗೆ ಆ ರೂಢಿ ಇದೆ, ನಮಗಿಲ್ಲ.

ಅಡ್ಡಗೆರೆಯ ನಂತರದ ಸಂಖ್ಯೆ ಎಲ್ಲ ಕಡೆಯೂ ವರ್ಷವಲ್ಲ, ಜೋಕೆ. ‘.30-30’ರ ಎರಡನೆಯ ಮೂವತ್ತು ಮೊದಲಿಗೆ ತುಂಬುತ್ತಿದ್ದ ಮದ್ದಿನ ತೂಕ, ಗ್ರೇನ್ ಎಂಬ ಚಿಕ್ಕ ತೂಕದ ಮಾನದಲ್ಲಿ. ‘.250-3000’ರಲ್ಲಿ ಮೂರು ಸಾವಿರ ಎಂದರೆ ಗುಂಡಿನ ವೇಗ, ಸೆಕೆಂಡಿಗೆ ಅಷ್ಟು ಅಡಿ. ಇಲ್ಲಿ ‘ಥ್ರೀ ಥೌಸಂಡ್’ ಎಂದು ಬಿಡಿಸಿ ಹೇಳಬೇಕು, ‘ತ್ರೀ ಸೊನ್ನೆ ಸೊನ್ನೆ ಸೊನ್ನೆ’ ಎಂದರೆ ಕಥೆಯ ಜೀವ ಹೋಯಿತು. ‘.375’ ಎಂಬುದು ‘ತ್ರೀ ಸೆವೆಂಟಿಫೈವ್’, ‘.270’ ಎಂಬುದು ‘ಟೂ ಸೆವೆಂಟಿ’. ‘6.5 ಕ್ರೀಡ್‌ಮೋರ್’ ಅನ್ನು ಅಮೆರಿಕದವರು ‘ಸಿಕ್ಸ್ ಫೈವ್’ ಎಂದು ಚುಕ್ಕಿ ನುಂಗಿ ಹೇಳುತ್ತಾರೆ. 7×64ರಂಥ ಮಿಲಿಮೀಟರ್ ಹೆಸರುಗಳಲ್ಲಿ ನಡುವೆ ‘ಬೈ’ ಬರುತ್ತದೆ. ಅದು ಗುಣಾಕಾರವಲ್ಲ: ಮೊದಲನೆಯದು ನಳಿಗೆಯ ಅಳತೆ, ಎರಡನೆಯದು ತೋಟಾದ ಕೊಳವೆಯ ಉದ್ದ.

ಹಲವು ಭಾಷೆ ಬಲ್ಲ ಅನುವಾದಕರು

ತಡವಾಗಿ ಬಂದೆ. ಇಟಾಲಿಯನ್ ಯಾರೂ ಮುಟ್ಟಿಲ್ಲವಲ್ಲ! 1876ರಲ್ಲಿ ಇಟಲಿಯಲ್ಲಿ ಹುಟ್ಟಿದ ಕಂಪನಿಯ ಹೆಸರು ‘ಫ್ಯೋಕ್ಕಿ’. ರೋಮನ್ ಅಕ್ಷರ ನೋಡಿ ‘ಫಿಯೋಚಿ’ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಲ್ಲಿರುವುದು ಒತ್ತು ಕಕಾರ. ‘ಅಕ್ಕಿ’, ‘ಹಕ್ಕಿ’ ಎಂದು ದಿನವಿಡೀ ಹೇಳುವ ನಮಗೆ ಅದು ಇಂಗ್ಲಿಷಿನವರಿಗಿಂತ ಚೆನ್ನಾಗಿ ಬರುತ್ತದೆ, ಅವರು ‘ಫಿಯೋಕಿ’ ಎಂದು ಒತ್ತನ್ನು ಬಿಡುತ್ತಾರೆ. ಅಮೆರಿಕದ ಸ್ವಿಫ್ಟ್ ಕಂಪನಿ ಮರುಭೂಮಿಯ ಗಾಳಿಯ ಇಟಾಲಿಯನ್ ಹೆಸರನ್ನು ತನ್ನ ಗುಂಡಿಗೆ ಇಟ್ಟಿತು. ಅದು ‘ಶಿರೊಕ್ಕೊ’, ‘ಸ್ಕಿರೊಕೊ’ ಅಲ್ಲ.

ಸರ್ಬಿಯಾದ ‘ಪ್ರ್‌ವಿ ಪಾರ್ಟಿಜಾನ್’ ನನ್ನ ಮೆಚ್ಚಿನದು. ಮೊದಲ ಪದದಲ್ಲಿ ಪ ಮತ್ತು ವ ನಡುವೆ ಸ್ವರವೇ ಇಲ್ಲ, ರಕಾರವೇ ಸ್ವರದ ಕೆಲಸ ಮಾಡುತ್ತದೆ. ಇಂಗ್ಲಿಷಿನವರು ‘ಪರ್ವಿ’, ‘ಪ್ರೀವಿ’ ಎಂದು ಒದ್ದಾಡುವುದು ಇದಕ್ಕೇ. ನಮ್ಮ ವರ್ಣಮಾಲೆಯಲ್ಲಿ ಆ ಧ್ವನಿಗೆಂದೇ ಅಕ್ಷರವಿದೆ: ಋ. ‘ಪೃವಿ’ ಎಂದು ಬರೆದರೆ ಶಾಸ್ತ್ರೋಕ್ತವಾಗಿ ಸರಿ. ತೊಂದರೆಯೆಂದರೆ ಋವನ್ನು ನಾವೆಲ್ಲ ‘ರು’ ಎಂದು ಓದಿ ಕೆಡಿಸಿಕೊಂಡಿದ್ದೇವೆ, ‘ಪ್ರುವಿ’ ಎಂದುಬಿಡುತ್ತೀರಿ. ನಾಲಿಗೆಯನ್ನು ರಕಾರದ ಮೇಲೆ ಅರೆಕ್ಷಣ ನಿಲ್ಲಿಸಿ ನೇರವಾಗಿ ವಿಗೆ ಇಳಿಯಿರಿ.

ಚೆಕ್ ನೆಲದಲ್ಲಿ 1825ರಲ್ಲಿ ಆರಂಭವಾದ ‘ಸೆಲ್ಯೇ ಮತ್ತು ಬೆಲೊ’ದ ಹೆಸರುಗಳು ಮಾತ್ರ ಫ್ರೆಂಚ್. ಕೊನೆಯ ವ್ಯಂಜನಗಳು ಮೌನ. ಇಲ್ಲಿ ನಾನು ಹಟ ಹಿಡಿಯುವುದಿಲ್ಲ. ಬಂದೂಕು ಹಿಡಿಯುವವರಲ್ಲಿ ಬಹಳ ಮಂದಿ ‘ಎಸ್ ಆಂಡ್ ಬಿ’ ಎಂದು ಪಾರಾಗುತ್ತಾರೆ, ನೀವೂ ಪಾರಾಗಬಹುದು.

ಮರಳಿ ಬಂದ ಹೆಸರೂ ಒಂದಿದೆ, ಡಮ್‌ಡಮ್. ಕೋಲ್ಕತ್ತದ ಬಳಿಯ ದಮ್‌ದಮ್‌ನ ಶಸ್ತ್ರಾಗಾರದಲ್ಲಿ 1890ರ ದಶಕದಲ್ಲಿ ತಯಾರಾದ, ತಾಗಿದೊಡನೆ ಅರಳುವ ಗುಂಡು ಅದು. 1899ರ ಹೇಗ್ ಘೋಷಣೆ ಅಂಥ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು, ಬೇಟೆಯಲ್ಲಿ ಅದೇ ಬಗೆಯವು ಇಂದಿಗೂ ಸಾಮಾನ್ಯ. ಬಂಗಾಳಿಯಲ್ಲಿ ಊರು ‘ದೊಮ್‌ದೊಮ್’, ಮೃದುವಾದ ದಕಾರ. ಇಂಗ್ಲಿಷ್ ಬಾಯಿಗೆ ಹೋಗಿ ಡಕಾರವಾಗಿ ನಮಗೆ ವಾಪಸು ಬಂತು. ಊರಿನ ಮಾತು ಬಂದಾಗ ದಮ್‌ದಮ್, ಗುಂಡಿನ ಮಾತು ಬಂದಾಗ ಡಮ್‌ಡಮ್ ಎಂದು ನಾನು ಬರೆಯುತ್ತೇನೆ.

ಕರಡು ತಿದ್ದುವವರು

ಓದುವ ಪ್ರತಿಯಲ್ಲಿ ರೋಮನ್ ಉಳಿಸಿಕೊಂಡರೆ ಹತ್ತನೇ ಅಧ್ಯಾಯದ ಹೊತ್ತಿಗೆ ಉಚ್ಚಾರ ಬದಲಾಗಿಯೇ ಬದಲಾಗುತ್ತದೆ. ಮೊದಲು ಎಲ್ಲ ಹೆಸರನ್ನೂ ಕನ್ನಡದಲ್ಲಿ ಬರೆದು ಒಂದು ಹಾಳೆ ಮಾಡಿಕೊಳ್ಳಿ. ಕನ್ನಡದಲ್ಲಿ ಇಂಗ್ಲಿಷಿನಂಥ ಒತ್ತು ಇಲ್ಲದ ಕಾರಣ ಒತ್ತುವ ಅಕ್ಷರದ ಕೆಳಗೆ ಗೆರೆ ಎಳೆಯಿರಿ. ದೀರ್ಘ ಹಾಕಿದರೆ ಓದುವಾಗ ಎಳೆದುಬಿಡುತ್ತೀರಿ. ಗುಂಡಿನ ಬಾಗುಮೈಗೆ ಹೇಳುವ ‘ಓಜೈವ್’ ಫ್ರೆಂಚಿನಲ್ಲಿ ‘ಓಜೀವ್’, ಮೂತಿಯ ಚಪ್ಪಟೆ ತುದಿ ಫ್ರೆಂಚಿನಲ್ಲಿ ‘ಮೇಪ್ಲಾ’, ಇಂಗ್ಲಿಷಿನಲ್ಲಿ ‘ಮೆಪ್ಲಾಟ್’ ಕೂಡ ಉಂಟು. ಒಂದನ್ನು ಆರಿಸಿ ಕೊನೆಯವರೆಗೂ ಅದನ್ನೇ ಹಿಡಿಯಿರಿ.

ಕೇಳಿದವರು: ಧ್ವನಿ ಕಲಾವಿದೆ

ಹಾಳೆ ಸಿದ್ಧವಾಗುತ್ತಿದೆ. ಒಂದು ಉಳಿಯಿತು: ಸ್ವೀಡನ್ನಿನ ನೋರ್ಮಾ ಕಂಪನಿಯ ‘ಓರಿಕ್ಸ್’?

ಹಲವು ಭಾಷೆ ಬಲ್ಲ ಅನುವಾದಕರು

ಸ್ವೀಡಿಷ್‌ನಲ್ಲಿ ಅದರ ನಡುವಿನ ಸ್ವರ, ತುಟಿಯನ್ನು ಉಕಾರಕ್ಕೆ ದುಂಡಗೆ ಮಾಡಿ ಇಕಾರ ಹೇಳಿದಂತೆ. ನೀವು ‘ಓರಿಕ್ಸ್’ ಎಂದೇ ಓದಿ. ಅದು ಕೊಂಬುಳ್ಳ ಪ್ರಾಣಿಯ ಹೆಸರು, ಎಲ್ಲ ಭಾಷೆಯವರಿಗೂ ಗುರುತು ಸಿಗುತ್ತದೆ.