ಚಾಲಕರಹಿತ ಶಟಲ್ ರಸ್ತೆಗಿಳಿಸುವ ಮುನ್ನ ಏನೇನು ನೋಡಿಕೊಳ್ಳಬೇಕು? ಗೊತ್ತಿದ್ದವರು ತಿಳಿಸಿ

ಪ್ರಶ್ನೆ: ರೈಲು ನಿಲ್ದಾಣದಿಂದ ಆಸ್ಪತ್ರೆವರೆಗಿನ ಎರಡು ಕಿ.ಮೀ. ಮಾರ್ಗದಲ್ಲಿ ಚಾಲಕರಹಿತ ಶಟಲ್ (ಅತ್ತಿಂದಿತ್ತ ಓಡಾಡುವ ಪುಟ್ಟ ಬಸ್) ಪ್ರಯೋಗ ನಡೆಯಬೇಕಿದೆ. ಗರಿಷ್ಠ ವೇಗ ಗಂಟೆಗೆ 20 ಕಿ.ಮೀ., ಒಳಗೊಬ್ಬ ಸಹಾಯಕರಿರುತ್ತಾರೆ. ವಾಹನದ ಆಯ್ಕೆ ಮುಗಿದಿದೆ. ಉಳಿದ ತಯಾರಿಯಲ್ಲಿ ಕೈಕೊಡುವುದು ಯಾವುದು?

ಉತ್ತರ 1: ಪಾರ್ಕಿಂಗ್‌ನಿಂದ ಶುರು ಮಾಡಿ. ಈ ಗಾತ್ರದ ಶಟಲ್‌ಗಳು ಮೊದಲೇ ದಾಖಲಿಸಿಟ್ಟ ಪಥದ ಮೇಲೆ, ಕಾಣದ ಹಳಿಯ ಮೇಲೆ ಓಡಿದಂತೆ ಓಡುತ್ತವೆ. ಸಾಮಾನು ಇಳಿಸಲು ನಿಂತ ವ್ಯಾನಿನ ಮೂಲೆ ಆ ಪಥಕ್ಕೆ ಒಂದಡಿ ಚಾಚಿದರೂ ಗಾಡಿ ನಿಂತುಬಿಡುತ್ತದೆ. ಅದನ್ನು ಸುತ್ತು ಹಾಕಿ ಮುಂದೆ ಹೋಗುವುದು ಹಲವು ಮಾದರಿಗಳಿಗೆ ಬರುವುದಿಲ್ಲ, ಸಹಾಯಕರೇ ಕೈಯಾರೆ ದಾಟಿಸಬೇಕು. ಬೆಳಗಿನ ಲೋಡಿಂಗ್ ಹೊತ್ತು, ಆಸ್ಪತ್ರೆಯ ಭೇಟಿ ಸಮಯ, ರಾತ್ರಿ ಹೀಗೆ ಬೇರೆ ಬೇರೆ ಹೊತ್ತಿನಲ್ಲಿ ಮಾರ್ಗವನ್ನು ನಡೆದು ನೋಡಿ, ಗಾಡಿಗಳು ನಿಲ್ಲುವ ಜಾಗಗಳನ್ನು ಗುರುತಿಸಿ. ವ್ಯಾನುಗಳಿಗೆ ಬೇರೆ ಜಾಗ ತೋರಿಸದೆ ನೋ ಪಾರ್ಕಿಂಗ್ ಬೋರ್ಡ್ ನೆಟ್ಟರೆ ಅವು ಆ ಬೋರ್ಡಿನ ಬುಡದಲ್ಲೇ ನಿಲ್ಲುತ್ತವೆ.

ಆಮೇಲೆ ಗಿಡಗಂಟಿ. ನಕ್ಷೆ ಮಾಡಿದಾಗ ಇಲ್ಲದ ರೆಂಬೆ ತಿಂಗಳೊಪ್ಪತ್ತಿನಲ್ಲಿ ಬೆಳೆದು ಪಥದೊಳಗೆ ಬಾಗುತ್ತದೆ. ಲೇಸರ್ ಕಿರಣ ಬಿಟ್ಟು ಸುತ್ತಲಿನ ವಸ್ತುಗಳ ದೂರ ಅಳೆಯುವ ಲಿಡಾರ್‌ಗೆ ಅದೂ ಅಡ್ಡಿಯೇ. ಕತ್ತರಿಸುವವರು ಯಾರು, ಎಷ್ಟು ದಿನಕ್ಕೊಮ್ಮೆ ಎಂಬುದು ಕರಾರಿನಲ್ಲೇ ಇರಲಿ. ತಾನು ಎಲ್ಲಿದ್ದೇನೆ ಎಂಬುದೂ ಗಾಡಿಗೆ ಗೊತ್ತಾಗಬೇಕು. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ತಪ್ಪುತ್ತದೆ. ಬಯಲಿನಲ್ಲಿ ಲಿಡಾರ್‌ಗೆ ಗುರುತು ಹಿಡಿಯಲು ಗೋಡೆ, ಕಂಬ ಏನೂ ಸಿಗುವುದಿಲ್ಲ. ಅಂಥ ಕಡೆ ರಸ್ತೆ ಬದಿಗೆ ಅಲುಗಾಡದ ಫಲಕಗಳನ್ನು ನೆಡಬೇಕಾಗುತ್ತದೆ.

ಉತ್ತರ 2: ಮೇಲಿನದಕ್ಕಿಂತ ದೊಡ್ಡ ತಲೆನೋವು ದಿಢೀರ್ ಬ್ರೇಕ್. 2020ರ ಫೆಬ್ರುವರಿಯಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ಶಟಲ್ ಹೀಗೆ ನಿಂತಾಗ ಪ್ರಯಾಣಿಕರೊಬ್ಬರು ಸೀಟಿನಿಂದ ಜಾರಿ ಕೆಳಗೆ ಬಿದ್ದರು. ಆಗಿನ ವೇಗ ಗಂಟೆಗೆ ಸುಮಾರು 11 ಕಿ.ಮೀ. ಅಷ್ಟೇ! ಅದಾದ ಮೇಲೆ ಆ ಶಟಲ್ ತಯಾರಿಸಿದ ಕಂಪನಿಯ ಗಾಡಿಗಳಲ್ಲಿ ಜನರನ್ನು ಕೂರಿಸುವುದನ್ನು ಹತ್ತು ರಾಜ್ಯಗಳಲ್ಲಿ ತಡೆಹಿಡಿಯಲಾಯಿತು.

ಗಂಟೆಗೆ 20 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು ಐದೂವರೆ ಮೀಟರ್. ಹತ್ತು ಮೀಟರ್ ಅಂತರ ಸಿಕ್ಕರೆ ನಯವಾಗಿ ನಿಲ್ಲಬಹುದು. ಐದೇ ಮೀಟರ್ ಇದ್ದರೆ ಎರಡು ಪಟ್ಟು ಬಿರುಸಾಗಿ ಬ್ರೇಕ್ ಬೀಳುತ್ತದೆ, ನಿಂತವರು ಮುಗ್ಗರಿಸುತ್ತಾರೆ. ನಿಧಾನವಾಗಿ ಹೋಗುವ ಶಟಲ್ ಕಂಡರೆ ಹಿಂದಿನ ಕಾರಿನವರಿಗೆ ತಾಳ್ಮೆ ಇರುವುದಿಲ್ಲ, ಓವರ್‌ಟೇಕ್ ಮಾಡಿ ಮೂಗಿನ ಮುಂದೆಯೇ ಒಳಗೆ ತೂರುತ್ತಾರೆ. ಆದ್ದರಿಂದ ನಿಂತು ಪ್ರಯಾಣಿಸುವುದು ಬೇಡ, ಸೀಟ್‌ಬೆಲ್ಟ್ ಕಡ್ಡಾಯ ಮಾಡಿ. ಅಲ್ಲಲ್ಲಿ ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡುವ ಜಾಗ ಇರಲಿ. ಸಾಮಾನ್ಯ ವಾಹನಗಳು ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ರಸ್ತೆಯಾದರೆ ಮಾರ್ಗವನ್ನೇ ಬದಲಿಸಿ.

ಉತ್ತರ 3: ಸಹಾಯಕರ ಕೈಲಿ ರಿಮೋಟ್ ಇದೆಯೇ ಅನ್ನೋದನ್ನು ಯಾರೂ ಕೇಳುವುದಿಲ್ಲ. 2017ರ ನವೆಂಬರ್ 8ರಂದು ಲಾಸ್ ವೇಗಸ್‌ನಲ್ಲಿ ರಿವರ್ಸ್ ಬರುತ್ತಿದ್ದ ಲಾರಿಯನ್ನು ಕಂಡು ಶಟಲ್ ಸರಿಯಾಗಿಯೇ ನಿಂತಿತು, ಆದರೆ ನಿಂತಲ್ಲೇ ಇತ್ತು. ಲಾರಿ ಬಂದು ತಾಗಿತು. ತಪ್ಪು ಲಾರಿ ಚಾಲಕನದ್ದೇ. ಆದರೂ ಕೈಯಾರೆ ನಡೆಸುವ ರಿಮೋಟ್ ಸಹಾಯಕರಿಗೆ ತಕ್ಷಣ ಸಿಗುವಂತಿರಲಿಲ್ಲ ಎಂಬುದನ್ನು ತನಿಖೆ ಎತ್ತಿ ತೋರಿಸಿತು. ರಿಮೋಟ್ ಪಟ್ಟಿಯಲ್ಲಿ ಕೊರಳಿಗೆ ತೂಗಿರಲಿ, ಹಾರ್ನ್ ಕೈಗೆಟುಕಲಿ. ಹಿಂದಕ್ಕೆ ಸರಿಸುವ ಅಭ್ಯಾಸವನ್ನು ಖಾಲಿ ಮೈದಾನದಲ್ಲಿ ಮಾಡಿಸಿ.

ಉತ್ತರ 4: ಬ್ಯಾಟರಿ ಲೆಕ್ಕವನ್ನು ಕಿಲೋಮೀಟರ್‌ನಲ್ಲಿ ಹಾಕಬೇಡಿ, ಗಂಟೆಯಲ್ಲಿ ಹಾಕಿ. ನಿಂತಿರಲಿ, ಓಡುತ್ತಿರಲಿ, ಎಸಿ ಮತ್ತು ಕಂಪ್ಯೂಟರ್ ವಿದ್ಯುತ್ ಎಳೆಯುತ್ತಲೇ ಇರುತ್ತವೆ. ಎರಡೂ ಸೇರಿ 3 ಕಿಲೋವ್ಯಾಟ್ ಎಂದಿಟ್ಟುಕೊಂಡರೂ ಎಂಟು ಗಂಟೆಗೆ 24 ಯೂನಿಟ್ ಹೋಯಿತು. 33 ಯೂನಿಟ್ ಬ್ಯಾಟರಿಯಲ್ಲಿ ಓಡಾಟಕ್ಕೆ ಉಳಿಯುವುದು ಒಂಬತ್ತೇ. ಮಧ್ಯಾಹ್ನ ಚಾರ್ಜಿಂಗ್‌ಗೆ ಬಿಡುವು ಕೊಡಿ, ಇಲ್ಲವೇ ಎರಡನೇ ಗಾಡಿ ಇಟ್ಟುಕೊಳ್ಳಿ. ಜೋರು ಮಳೆ, ಹಬೆ, ದೂಳಿಗೂ ಗಾಡಿ ನಿಲ್ಲುತ್ತದೆ. ಪ್ರತಿ ಪಾಳಿಗೂ ಮುನ್ನ ಲಿಡಾರ್ ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿ.

ಮರುಪ್ರಶ್ನೆ: ಜನರಿಲ್ಲದೆ ಎಷ್ಟು ದಿನ ಓಡಿಸಬೇಕು?

ಉತ್ತರ 2: ದಿನ ಎಣಿಸಬೇಡಿ. ಕೈಯಾರೆ ನಡೆಸಬೇಕಾಗಿ ಬಂದಾಗಲೆಲ್ಲ ಜಾಗ, ಹೊತ್ತು, ಕಾರಣ ಮೂರನ್ನೂ ಬರೆಸಿ. ಒಂದೇ ಜಾಗ ಮತ್ತೆ ಮತ್ತೆ ಪಟ್ಟಿಗೆ ಬರುತ್ತಿದ್ದರೆ ಮೊದಲು ಆ ಜಾಗವನ್ನು ಸರಿಪಡಿಸಿ. ಅಲ್ಲಿಯವರೆಗೆ ಪ್ರಯಾಣಿಕರನ್ನು ಹತ್ತಿಸಬೇಡಿ. ರಸ್ತೆಗೆ ಹೊಸ ಡಾಂಬರು ಬಿದ್ದರೆ, ಪಕ್ಕದಲ್ಲಿ ಕಟ್ಟಡದ ಕೆಲಸ ಶುರುವಾದರೆ ಮತ್ತೆ ಖಾಲಿ ಓಡಿಸಿ ನೋಡಬೇಕು.