ಈ ನೊಣ ಯಾವುದು? ಫೋಟೊ ಹಾಕಿದ್ದೀನಿ, ಗೊತ್ತಿದ್ದೋರು ಹೇಳಿ

ಬಯಲುಸೀಮೆ_ಹುಳ: ಬೂದು ಮೈ, ಬೆನ್ನ ಮೇಲೆ ಕಪ್ಪು ಪಟ್ಟೆ, ಹೊಟ್ಟೆ ತುಂಬ ಮುಳ್ಳುಕೂದಲು. ಆ್ಯಪ್‌ಗೆ ಕೊಟ್ರೆ ಒಂದ್ಸಲ ಟಾಕಿನಿಡ್ (ಬೇರೆ ಹುಳಗಳ ಮೈಯೊಳಗೆ ಮರಿ ಬೆಳೆಯೋ ನೊಣದ ಗುಂಪು) ಅನ್ನುತ್ತೆ, ಇನ್ನೊಂದ್ಸಲ ಬರೀ ‘ನೊಣ’ ಅನ್ನುತ್ತೆ. ನೊಣ ಅಂತ ನಂಗೂ ಗೊತ್ತು ಸ್ವಾಮಿ! ತಲೆ ಕೆಟ್ಟೋಗಿದೆ.

ಮಲ್ನಾಡ್_ಮ್ಯಾಕ್ರೊ: ಬೆನ್ನ ಪಟ್ಟೆ ಎಣಿಸಿ. ಮೂರಿದ್ರೆ ಮಾಂಸದ ನೊಣ, ಸಾರ್ಕೊಫ್ಯಾಗಿಡೆ. ಇಲ್ಲಿ ಮೂರೇ ಇದೆ. ಮುಗೀತು.

ಬಯಲುಸೀಮೆ_ಹುಳ: ನಂಗೆ ನಾಲ್ಕು ಕಾಣ್ತಿದೆ.

ಮಲ್ನಾಡ್_ಮ್ಯಾಕ್ರೊ: ಫ್ಲ್ಯಾಶ್ ಹೊಳಪಿಗೆ ನಡುವಿನದ್ದು ಎರಡಾಗಿ ಕಾಣ್ತಿದೆ ಅಷ್ಟೆ. ಹೊಟ್ಟೆ ಮೇಲಿನ ಚೌಕಳಿ ನೋಡಿ.

ನೊಣಪುರಾಣ: ಎಲ್ಲಿದೆ ಚೌಕಳಿ? ಪಟ್ಟೆ ಬಿಡಿ ಸಾರ್, ಪಕ್ಕದಿಂದ ತೆಗೆದದ್ದು ಬೇಕು. ಸ್ಕ್ಯುಟೆಲ್ಲಮ್, ಅಂದ್ರೆ ಬೆನ್ನಿನ ಹಿಂತುದಿಯ ತಟ್ಟೆ, ಅದರ ಕೆಳಗೆ ಇನ್ನೊಂದು ಉಬ್ಬು ಎದ್ದು ಕಂಡ್ರೆ ಟಾಕಿನಿಡ್. ಅರಿಸ್ಟಾನೂ (ಮೀಸೆ ಮೇಲಿನ ಎಳೆ) ನೋಡಬೇಕು, ಟಾಕಿನಿಡ್‌ಗೆ ಸಾಮಾನ್ಯವಾಗಿ ನುಣುಪು, ಮಾಂಸದ ನೊಣಕ್ಕೆ ಹಕ್ಕಿ ಗರಿ ಥರ ಕೂದಲು. ನೀವು ನೆತ್ತಿ ಮೇಲಿಂದ ಹೊಡೆದ್ರೆ ಎರಡೂ ಸಿಗಲ್ಲ. ಎಲ್ಲಿ ಸಿಕ್ತು ಅಂತಾನೂ ಬರೆದಿಲ್ಲ.

ಕ್ಲಿಪ್‌ಲೆನ್ಸ್: ಫೋನಾ, ಕ್ಯಾಮೆರಾನಾ? ನಾನು ರೇನಾಕ್ಸ್ 250 ಮ್ಯಾಕ್ರೊ ಲೆನ್ಸ್ ಹಾಕಿ, ಮುಂದೆ ಫ್ಲ್ಯಾಶ್ ಬೆಳಕು ಹರಡೋಕೆ ಚಿಪ್ಸ್ ಡಬ್ಬದ ಡಿಫ್ಯೂಸರ್. ಕಣ್ಣಿನ ಒಂದೊಂದು ಗೂಡೂ ಎಣಿಸ್ಬಹುದು.

ಮಲ್ನಾಡ್_ಮ್ಯಾಕ್ರೊ: ಡಬ್ಬದಲ್ಲಿ ಬೆಳಕು ಹಳದಿ ತಿರುಗುತ್ತೆ. ಬಿಳಿ ಫೋಮ್ ಶೀಟ್ ಹಾಕಿ.

ಕ್ಲಿಪ್‌ಲೆನ್ಸ್: ನಿಮ್ಮ ಫೋಟೊ ನೋಡಿದ್ದೀನಿ ಬಿಡಿ.

ಬಯಲುಸೀಮೆ_ಹುಳ: ಎಲ್ಲಿ ಅಂದ್ರೆ, ಹುಳದ ಮನೆ ಕಿಟಕಿ ಪರದೆ ಮೇಲೆ.

ನೊಣಪುರಾಣ: ರೇಷ್ಮೆ ಹುಳಾನಾ? ಅದನ್ನ ಮೊದಲೇ ಹೇಳ್ಬಾರ್ದಾ! ಹುಳದ ಮೈ ಮೇಲೆ ಕಪ್ಪು ಮಚ್ಚೆ ಇದೆಯಾ?

ಬಯಲುಸೀಮೆ_ಹುಳ: ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಮೇಲೆ ಕೆಲವಕ್ಕೆ ಬಂದಿದೆ. ಸೊಪ್ಪು ಹಾಕೋವಾಗ ಆದ ಗಾಯ ಅಂದ್ಕೊಂಡೆ.

ನೊಣಪುರಾಣ: ಹಾಗಾದ್ರೆ ಊಜಿ ಅಂತಲೇ ಅನುಮಾನ, ರೇಷ್ಮೆ ಹುಳಕ್ಕೆ ಬೀಳೋ ಟಾಕಿನಿಡ್ ನೊಣ, ಎಕ್ಸೊರಿಸ್ಟಾ ಬಾಂಬಿಸಿಸ್. ಅದಕ್ಕೆ ಬೆನ್ನ ಮೇಲೆ ನಾಲ್ಕು ಪಟ್ಟೆ. ಕರ್ನಾಟಕದಲ್ಲಿ 1980ರಲ್ಲಿ ಕಾಣಿಸಿಕೊಂಡ ಪೀಡೆ. ಹುಳದ ಮೈ ಮೇಲೆ ಬಿಳಿ ಮೊಟ್ಟೆ ಇಡುತ್ತೆ, ಮರಿ ಕೊರೆದು ಒಳಹೊಕ್ಕ ಜಾಗವೇ ಆ ಕಪ್ಪು. ಮಚ್ಚೆ ಇರೋದನ್ನೆಲ್ಲ ಆರಿಸಿ ತೆಗೀರಿ, ಪರದೆ ತೂತು ಮುಚ್ಚಿ. ಮಚ್ಚೆ ಇರೋ ಒಂದು ಹುಳಾನ ಮಾತ್ರ ಡಬ್ಬೀಲಿ ಬೇರೆ ಇಡಿ. ಹೊರಗೆ ಬಂದ ನೊಣದ ಪಕ್ಕದ ಫೋಟೊ ಹಾಕಿದ್ರೆ ಹೆಸರು ಗಟ್ಟಿ ಮಾಡೋಣ.

ಮಲ್ನಾಡ್_ಮ್ಯಾಕ್ರೊ: ಏನೇ ಹೇಳಿ, ಪಟ್ಟೆ ಮೂರೇ.

ಬಯಲುಸೀಮೆ_ಹುಳ: ಸಾರ್, ಅರ್ಧ ಹುಳ ಆಗ್ಲೇ ಗೂಡು ಕಟ್ಟೋಕೆ ಚಂದ್ರಿಕೆ ತಟ್ಟೆಗೆ ಬಿಟ್ಟಾಗಿದೆ. ಏನು ಮಾಡ್ಲಿ?

ನೊಣಪುರಾಣ: ಚಂದ್ರಿಕೆ ಕೆಳಗೆ ಪ್ಲಾಸ್ಟಿಕ್ ಹಾಸಿ. ಗೂಡು ತೂತು ಮಾಡ್ಕೊಂಡು ಬಿದ್ದ ಮರಿಗಳು ನೆಲದ ಬಿರುಕಿಗೆ ಹೋಗೋ ಮುಂಚೆ ಗುಡಿಸಿ ಸೋಪಿನ ನೀರಿಗೆ ಹಾಕಿ. ತೂತಾದ ಗೂಡು ಹೇಗೂ ನೂಲಿಗೆ ಬರಲ್ಲ, ಬೇರೆ ಆರಿಸಿಡಿ.