ಡ್ರೆಡ್‌ನಾಟ್ ಹಡಗಿನ ಕಂಬ ಚಿಮಣಿಯ ಹಿಂದೆ ಯಾಕೆ?

ಪ್ರಶ್ನೆ:
ರಟ್ಟಿನಲ್ಲಿ ಬ್ರಿಟನ್ನಿನ ಡ್ರೆಡ್‌ನಾಟ್ ಯುದ್ಧನೌಕೆಯ ಮಾದರಿ ಮಾಡುತ್ತಿದ್ದೇನೆ. ನಕ್ಷೆಯಲ್ಲಿ ಮುಂದಿನ ಕಂಬ ಚಿಮಣಿಯ ಹಿಂದೆ ಇದೆ. ಗುರಿ ನೋಡುವವರು ಕೂರುವುದು ಆ ಕಂಬದ ತುದಿಯಲ್ಲೇ ಅಲ್ವಾ? ಹೊಗೆಯೆಲ್ಲ ಅವರ ಮುಖಕ್ಕೇ ಹೊಡೆಯುತ್ತದೆ! ನಕ್ಷೆ ತಪ್ಪಾ? ಅಂಟು ಹಾಕುವ ಮುಂಚೆ ಹೇಳಿ. ಹೋದ ಸಲ ತೋಪಿನ ಗೋಪುರವನ್ನು ಹಿಂದುಮುಂದಾಗಿ ಅಂಟಿಸಿ ಎರಡು ವಾರದ ಕೆಲಸ ಹಾಳಾಯಿತು.

ಉತ್ತರ 1:
ನಕ್ಷೆ ಸರಿ ಇದೆ, ತಪ್ಪಿದ್ದು ಹಡಗಿನಲ್ಲೇ. 12 ಇಂಚಿನ 10 ತೋಪು, ಪಾರ್ಸನ್ಸ್ ಹಬೆ ಟರ್ಬೈನು, 21 ನಾಟ್ (ಗಂಟೆಗೆ ಸುಮಾರು 39 ಕಿ.ಮೀ.) ವೇಗ. 1906ರಲ್ಲಿ ಇಷ್ಟೆಲ್ಲ ಮಾಡಿದವರು ಕಂಬದ ವಿಷಯದಲ್ಲಿ ಎಡವಿದರು. ದೋಣಿ ಎತ್ತಿ ಇಳಿಸುವ ಕ್ರೇನಿನ ತೋಳಿಗೂ ಅದೇ ಕಂಬ ಬೇಕಿತ್ತು, ಹಾಗಾಗಿ ಹಿಂದಕ್ಕೆ ಹೋಯಿತು. ಮೇಲೆ ಕೂತವನಿಗೆ ಹೊಗೆ, ಬಿಸಿಗಾಳಿ ಎರಡೂ ಪುಕ್ಕಟೆ. ಮುಂದಿನ ಬೆಲರೋಫಾನ್ ವರ್ಗದ ಹಡಗುಗಳಲ್ಲಿ ಕಂಬವನ್ನು ಚಿಮಣಿಯ ಮುಂದಕ್ಕೆ ತಂದರು. ತಮಾಷೆ ಅಂದ್ರೆ, ಒರಾಯನ್ ವರ್ಗದಲ್ಲಿ ಮತ್ತೆ ಹಿಂದಕ್ಕೇ ಹಾಕಿದರು!

ಉತ್ತರ 2:
ಅಷ್ಟು ದೊಡ್ಡ ತೋಪು ಹೊತ್ತ ಈ ಹಡಗಿನಿಂದ ಮುಳುಗಿದ್ದು ಒಂದೇ ಒಂದು ಸಬ್‌ಮರೀನ್. ಅದೂ ಗುಂಡು ಹೊಡೆದಲ್ಲ, ಡಿಕ್ಕಿ ಹೊಡೆದು. 1915ರ ಮಾರ್ಚ್ 18, ಜರ್ಮನಿಯ ಯು-29. 1916ರಲ್ಲಿ ಬ್ರಿಟನ್, ಜರ್ಮನಿ ನೌಕಾಪಡೆಗಳ ನಡುವೆ ನಡೆದ ಜಟ್‌ಲೆಂಡ್ ಕಾಳಗದ ಹೊತ್ತಿಗೆ ಇದು ರಿಪೇರಿಯಲ್ಲಿತ್ತು, ಪಾಪ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ಕಂಬ ಅಂಟಿಸಿದೆ, ಹಿಂದೆಯೇ. ತುದಿಗೆ ಸ್ವಲ್ಪ ಮಸಿಯೂ ಬಳಿದೆ. ಮೂತಿ ಮಾತ್ರ ಇನ್ನೊಂದು ಪದರ ರಟ್ಟು ಹಾಕಿ ಗಟ್ಟಿ ಮಾಡುತ್ತೇನೆ, ಡಿಕ್ಕಿ ಹೊಡೆದ ಹಡಗಲ್ವಾ.